ಸಾಯಲೆಂದೇ ಬರುತ್ತಿದ್ದ ನಟ

'ಫ್ಯಾಂಟಮ್ ಲೇಡಿ' (1944) ನೋಡಿ ವಾರವಾದರೂ ಆ ಡ್ರಮ್ ಸದ್ದು ಕಿವಿ ಬಿಟ್ಟಿಲ್ಲ. ಇಕ್ಕಟ್ಟಾದ ಕೋಣೆ, ಕುಡಿದ ಜಾಝ್ ವಾದಕರು. ಡ್ರಮ್ ಮುಂದೆ ಎಲಿಶಾ ಕುಕ್ ಜೂನಿಯರ್. ಅವನನ್ನು ನಗುನಗುತ್ತಲೇ ಕೆಣಕುವ ನಟಿ ಎಲಾ ರೇನ್ಸ್. ಮಾತಿಲ್ಲ. ಹಣೆಯಲ್ಲಿ ಬೆವರು, ಕಿರಿದ ಹಲ್ಲು, ಇನ್ನೇನು ಆಚೆ ಬೀಳುವಂಥ ಕಣ್ಣು. ಕೈಯ ವೇಗ ಏರುತ್ತಲೇ ಹೋಗುತ್ತದೆ. ಸೆನ್ಸಾರ್ ಬಾಯಿಬಿಡಲು ಬಿಡದ ಕಾಮವನ್ನು ನಿರ್ದೇಶಕ ರಾಬರ್ಟ್ ಸಿಯೋಡ್‌ಮ್ಯಾಕ್ ಎರಡು ಕೋಲುಗಳಿಂದ ಹೇಳಿಸಿಬಿಟ್ಟ! ನಿರ್ಮಾಪಕಿ ಜೋನ್ ಹ್ಯಾರಿಸನ್, ಹಿಚ್‌ಕಾಕ್ ಬಳಿ ಪಳಗಿದಾಕೆ.

ಸಿಯೋಡ್‌ಮ್ಯಾಕ್‌ನಂತೆ ಹಿಟ್ಲರನ ಕಾಟಕ್ಕೆ ಯುರೋಪ್ ಬಿಟ್ಟು ಬಂದವರು ಜರ್ಮನಿಯ ನೆರಳು-ಬೆಳಕನ್ನು ಹಾಲಿವುಡ್‌ಗೆ ತಂದರು, ಫ್ರೆಂಚ್ ವಿಮರ್ಶಕರು 1946ರಲ್ಲಿ ಅಂಥ ಚಿತ್ರಗಳನ್ನು 'ನುವಾರ್' (ಕಪ್ಪು) ಎಂದು ಕರೆದರು: ಇದು ಎಲ್ಲರೂ ಓದಿದ ಕಥೆ. ನನಗೆ ನೆರಳಿನ ಗುಣಗಾನ ಸಾಕಾಗಿದೆ. ಬಡ ಸೆಟ್‌ನ ಮಾನ ಮುಚ್ಚಲು ಕತ್ತಲೆ ಅಗ್ಗದ ಉಪಾಯವೂ ಆಗಿತ್ತು. ಈ ಚಿತ್ರಗಳಲ್ಲಿ ಭಯ ಹುಟ್ಟುವುದು ಕುಕ್‌ನಂಥವರ ಮುಖದಲ್ಲಿ.

ಕುಕ್‌ಗೆ ಹೆಚ್ಚಾಗಿ ಸಿಕ್ಕಿದ್ದು ಒದೆ ತಿನ್ನುವ, ಸಾಯುವ ಪಾತ್ರಗಳೇ. 'ದಿ ಮಾಲ್ಟೀಸ್ ಫಾಲ್ಕನ್' (1941) ಚಿತ್ರದಲ್ಲಿ ನಾಯಕ ಬೊಗಾರ್ಟ್ ಅವನ ಪಿಸ್ತೂಲುಗಳನ್ನು ಹುಡುಗನ ಕೈಯ ಆಟಿಕೆಯಂತೆ ಕಿತ್ತುಕೊಳ್ಳುತ್ತಾನೆ. 'ದಿ ಬಿಗ್ ಸ್ಲೀಪ್' (1946) ಚಿತ್ರದಲ್ಲಿ ಕೊಲೆಗಡುಕನಿಗೆ ಪ್ರೇಯಸಿಯ ಸುಳ್ಳು ವಿಳಾಸ ಕೊಟ್ಟು, ಅವನಿತ್ತ ವಿಷ ಕುಡಿಯುತ್ತಾನೆ. 'ಶೇನ್' (1953) ಕೌಬಾಯ್ ಚಿತ್ರ, ಇಲ್ಲಿಗೆ ಸಲ್ಲದು, ಆದರೂ ಬಿಡಲಾರೆ. ಗುಂಡು ತಗಲಿದ ಕುಕ್‌ನನ್ನು ತಂತಿಯಿಂದ ಹಿಂದಕ್ಕೆಳೆದು ಕೆಸರಿಗೆ ಕೆಡವಿದ್ದಾರೆ. ಹಾಲಿವುಡ್‌ನಲ್ಲಿ ಅದುವರೆಗೆ ಗುಂಡೇಟಿಗೆ ಇಷ್ಟು ಭಾರವಿರಲಿಲ್ಲ. ಚಿತ್ರೀಕರಣವಿಲ್ಲದಾಗ ಈ ಆಸಾಮಿ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಟ್ರೌಟ್ ಮೀನು ಹಿಡಿಯುತ್ತಿದ್ದ. ಪಾತ್ರವಿದ್ದರೆ ಅಲ್ಲಿಗೇ ಆಳು ಕಳಿಸಬೇಕಿತ್ತು ಎಂದು 'ಫಾಲ್ಕನ್' ನಿರ್ದೇಶಕ ಜಾನ್ ಹ್ಯೂಸ್ಟನ್ ನೆನೆದಿದ್ದಾನೆ. ಕುಕ್ ಬದುಕಿದ್ದು 1995ರವರೆಗೆ, 91 ವರ್ಷ.

ನನ್ನ ಮಟ್ಟಿಗೆ ಅವನ ಶ್ರೇಷ್ಠ ಪಾತ್ರ ಕುಬ್ರಿಕ್‌ನ 'ದಿ ಕಿಲ್ಲಿಂಗ್' (1956) ಚಿತ್ರದ ಜಾರ್ಜ್: ರೇಸ್‌ಕೋರ್ಸ್ ಕ್ಯಾಷಿಯರ್, ಹೆಂಡತಿಯ ಕೃಪೆಗಾಗಿ ದರೋಡೆಯ ಗುಟ್ಟನ್ನೇ ಒಪ್ಪಿಸುವ ಗಂಡ. ಹೆಂಡತಿಯಾದ ಮೇರಿ ವಿಂಡ್ಸರ್ ಅವನಿಗಿಂತ ಎತ್ತರ. ಸೋಫಾದಲ್ಲಿ ಒರಗಿಕೊಂಡೇ ಒಂದೊಂದು ಮಾತಿಗೂ ಅವನ ಮಾನ ಕಳೆಯುತ್ತಾಳೆ. ಅವನು ಅದನ್ನೂ ಪ್ರೀತಿಯೆಂದೇ ನಂಬುವ ಹಾಗೆ ಮುಖ ನೋಡುತ್ತಾನೆ. ಈ ಚಿತ್ರಗಳ ನಾಯಕರೆಲ್ಲ ಸೇರಿದರೂ ಆ ನೋಟಕ್ಕೆ ಸಾಟಿಯಿಲ್ಲ. ಹೆಂಡತಿಯ ಆ ಕುಹಕಗಳಲ್ಲಿ ಕಾಣುವುದು ಕಾದಂಬರಿಕಾರ ಜಿಮ್ ಥಾಂಪ್ಸನ್‌ನ ಕೈ. ತೆರೆಯ ಮೇಲೆ ಮಾತ್ರ ಚಿತ್ರಕಥೆ ಕುಬ್ರಿಕ್‌ನದು, ಥಾಂಪ್ಸನ್‌ಗೆ ಬರೀ ಸಂಭಾಷಣೆಯ ಹೆಸರು. ಅವನಿಗೆ ಸಿಟ್ಟು ಬಂದದ್ದು ನ್ಯಾಯವೇ.