ಯಂತ್ರವು ಮರೆಯದ ಹೆಸರುಗಳು

ಮನೆಯ ವೈ-ಫೈ, ಕಚೇರಿಯ ವೈ-ಫೈ, ಮಗಳ ಮೊಬೈಲಿನ ಹಾಟ್‌ಸ್ಪಾಟ್, ಮದುವೆಗೆಂದು ಹೋದ ಊರಿನಲ್ಲಿ ತಂಗಿದ ವಸತಿಗೃಹದ ಜಾಲ, ಗಾಡಿ ತಡವಾದಾಗ ಬೇಸರ ಕಳೆಯಲೆಂದು ನಿಲ್ದಾಣದಲ್ಲಿ ಹಿಡಿದ ಉಚಿತ ಸಂಪರ್ಕ – ಇವೆಲ್ಲವುಗಳ ಹೆಸರನ್ನೂ, ಪಾಸ್‌ವರ್ಡ್ ಕೇಳಿದ್ದಲ್ಲಿ ಅದನ್ನೂ, ನಮ್ಮ ಲ್ಯಾಪ್‌ಟಾಪು ಸದ್ದಿಲ್ಲದೆ ಬರೆದಿಟ್ಟುಕೊಳ್ಳುತ್ತ ಹೋಗುತ್ತದೆ. ಆ ಊರನ್ನೂ ಆ ಮದುವೆಯನ್ನೂ ನಾವು ಮರೆತ ಮೇಲೂ ಅದು ಮರೆಯುವುದಿಲ್ಲ. ಈ ಪಟ್ಟಿಯ ಯಜಮಾನಿಕೆ ಯಾರದು ಎಂಬುದೇ ಇಲ್ಲಿನ ವಿಚಾರ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಇದಕ್ಕೆ ‘ಪ್ರಿಫರ್ಡ್ ನೆಟ್‌ವರ್ಕ್ಸ್’ ಎಂಬ ಸ್ಪಷ್ಟವಾದ ನಾಮಧೇಯವಿದ್ದಿತು. ಸುತ್ತಲೂ ದೊರೆಯುವ ಜಾಲಗಳದು ಒಂದು ಪಟ್ಟಿ, ನಮಗೆ ಸಮ್ಮತವಾದವುಗಳದು ಇನ್ನೊಂದು, ಮಗ್ಗುಲಲ್ಲಿ ಮೇಲೇರಿಸುವುದಕ್ಕೊಂದು ಕೆಳಗಿಳಿಸುವುದಕ್ಕೊಂದು ಗುಂಡಿ. ವಿಂಡೋಸ್ 7ರ ತನಕ ನಡೆದುಬಂದ ಈ ಅನುಕೂಲವು, 2012ರ ವಿಂಡೋಸ್ 8ರಲ್ಲಿ ಕಿಟಕಿಯೊಡನೆಯೇ ಅದೃಶ್ಯವಾಯಿತು. ಆಪಲ್ ಸಂಸ್ಥೆಯೂ 2022ರ ಮ್ಯಾಕ್‌ಓಎಸ್ ವೆಂಚುರಾದಲ್ಲಿ, ಹೆಸರುಗಳನ್ನು ಎಳೆದು ಮೇಲೆಕೆಳಗೆ ಮಾಡುವ ಸ್ವಾತಂತ್ರ್ಯವನ್ನು ಹಿಂತೆಗೆದುಕೊಂಡಿತು. ಬಳಕೆದಾರನಿಗೆ ಶ್ರಮ ಕೊಡಬಾರದೆಂಬ ಸದುದ್ದೇಶವೇ ಇದರ ಹಿಂದಿದ್ದರೂ ಇರಬಹುದು. ಆದರೆ ಶ್ರಮದ ಜೊತೆಗೆ ಅಧಿಕಾರವನ್ನೂ ಕಳಚಿಕೊಂಡು ಹೋದದ್ದು ನನಗೇನೋ ರುಚಿಸಲಿಲ್ಲ.

ಈಗ ವಿಂಡೋಸ್ ನಮ್ಮ ವರ್ತನೆಯನ್ನು ನೋಡಿ ಇಷ್ಟಾನಿಷ್ಟಗಳನ್ನು ಊಹಿಸುತ್ತದೆ. ಒಂದು ಜಾಲದಲ್ಲಿರುವಾಗಲೇ ಇನ್ನೊಂದನ್ನು ನಾವಾಗಿ ಆರಿಸಿಕೊಂಡರೆ ಎರಡನೆಯದೇ ನಮಗೆ ಪ್ರಿಯವೆಂದು ತಿಳಿಯುತ್ತದೆ; ಡಿಸ್ಕನೆಕ್ಟ್ ಒತ್ತಿ ಹೊರಬಂದರೆ, ಇನ್ನು ತಾನಾಗಿ ಅದರೊಡನೆ ಸೇರಬಾರದೆಂದು ಗ್ರಹಿಸುತ್ತದೆ. ಊಹೆಗೆ ಬಿಡದೆ ಕಟ್ಟಪ್ಪಣೆಯನ್ನೇ ವಿಧಿಸಬೇಕೆನ್ನುವವರಿಗೆ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ಇಂದಿಗೂ ತೆರೆದೇ ಇದೆ: ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಪ್ರೊಫೈಲ್ಸ್’ ಎಂಬ ಆದೇಶವು ನೆನಪಿನಲ್ಲಿರುವ ಸಮಸ್ತ ಹೆಸರುಗಳನ್ನೂ ಸಾಲಾಗಿ ತಂದು ನಿಲ್ಲಿಸುತ್ತದೆ, ‘ಸೆಟ್ ಪ್ರೊಫೈಲ್‌ಆರ್ಡರ್’ ಎಂಬುದರಿಂದ ಬೇಕಾದುದಕ್ಕೆ ಮೊದಲನೆಯ ಸ್ಥಾನವನ್ನು ಕೊಡಬಹುದು.

ಈ ಅನುಕ್ರಮದ ಮಹತ್ವವು ಮನೆಯೊಳಗೇ ಗೋಚರಿಸುತ್ತದೆ. ಅನೇಕ ರೌಟರುಗಳು 2.4 ಗಿಗಾಹರ್ಟ್ಸ್ ಒಂದು, 5 ಗಿಗಾಹರ್ಟ್ಸ್ ಇನ್ನೊಂದು ಎಂದು ಎರಡು ಹೆಸರುಗಳನ್ನು ಬಿತ್ತರಿಸುತ್ತವಷ್ಟೆ. ಮೊದಲನೆಯದರ ಅಲೆ ಗೋಡೆಗಳನ್ನು ದಾಟಿ ಹಿತ್ತಿಲ ಕೋಣೆಯವರೆಗೂ ಸಾಗುವುದಾದರೂ, ಅದೇ ಆವರ್ತಾಂಕದಲ್ಲಿ ನೆರೆಮನೆಗಳ ಜಾಲಗಳೂ ಬ್ಲೂಟೂತೂ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಗದ್ದಲವೆಬ್ಬಿಸುವುದರಿಂದ ವೇಗ ಕುಂದುತ್ತದೆ. ಎರಡನೆಯದು ಶೀಘ್ರಗಾಮಿಯಾದರೂ ದಪ್ಪ ಗೋಡೆಯೆದುರು ಬೇಗ ಸೋಲುತ್ತದೆ. ರೌಟರಿನ ಕೋಣೆಯಲ್ಲೇ ಕುಳಿತು ಕೆಲಸ ಮಾಡುವವರು 5ಕ್ಕೆ ಅಗ್ರಸ್ಥಾನ ಕೊಡುವುದೂ, ಒಳಕೋಣೆಯ ಕಂಪ್ಯೂಟರಿನಲ್ಲಿ 2.4ನ್ನು ಮುಂದಿಡುವುದೂ ಯುಕ್ತ. ಮೊಬೈಲಿನ ಹಾಟ್‌ಸ್ಪಾಟನ್ನು ಮಾತ್ರ ‘ಮೀಟರ್ಡ್’ ಎಂದು ಗುರುತಿಸಿಡತಕ್ಕದ್ದು. ಇಲ್ಲವಾದರೆ ವಿಂಡೋಸಿನ ಅಪ್‌ಡೇಟು ದಿನದ ಡೇಟಾವನ್ನೆಲ್ಲ ಮಧ್ಯಾಹ್ನದೊಳಗೇ ಮುಗಿಸಿಬಿಟ್ಟೀತು.

ಹೆಸರೆಂದೆನಷ್ಟೆ, ಜಾಲದ ಹೆಸರಿಗೆ 32 ಬೈಟುಗಳ ಮಿತಿಯುಂಟು. ಕನ್ನಡದ ಒಂದೊಂದು ಚಿಹ್ನೆಯೂ, ಒತ್ತು ಗುಣಿತಗಳೂ ಸೇರಿ, ಮೂರು ಮೂರು ಬೈಟುಗಳನ್ನು ನುಂಗುವುದರಿಂದ ‘ಶ್ರೀನಿವಾಸ ನಿಲಯ’ ಎಂಬ ಹೆಸರು ಅದರೊಳಗೆ ಹಿಡಿಸಲಾರದು. ‘ನಮ್ಮ ಮನೆ’ ಎಂಬುದು ಸುಖವಾಗಿ ಹಿಡಿಸುತ್ತದೆ.

ವಿನೋದ ಹಾಗಿರಲಿ, ಪಾಸ್‌ವರ್ಡ್ ಇಲ್ಲದ ಜಾಲಗಳ ವಿಷಯದಲ್ಲಿ ಕಂಪ್ಯೂಟರಿಗೆ ಈ ಹೆಸರಲ್ಲದೆ ಬೇರೆ ಗುರುತೇ ಇಲ್ಲವೆಂಬುದು ಗಂಭೀರವಾದ ಸಂಗತಿ. ಕತ್ತಲಲ್ಲಿ ಬಾಗಿಲು ತಟ್ಟಿದವನು ಹೇಳಿದ ಹೆಸರೊಂದನ್ನೇ ನಂಬಿ ಅಗುಳಿ ತೆಗೆದಂತೆ, ಯಾವನೋ ಒಬ್ಬನು ಅದೇ ಹೆಸರನ್ನಿಟ್ಟು ತೆರೆದ ಜಾಲದೊಳಕ್ಕೆ ಅದು ಅನುಮಾನವಿಲ್ಲದೆ ಪ್ರವೇಶಿಸುತ್ತದೆ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲಿನಿಂದ ಮೊದಲಾಗಿ ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಿಗೆ ವ್ಯಾಪಿಸಿದ ರೈಲ್ವೆ ವೈ-ಫೈಯಂತಹ ಲೋಕೋಪಯೋಗಿ ವ್ಯವಸ್ಥೆಗಳಲ್ಲಿಯೂ, ಮೊಬೈಲಿಗೆ ಬರುವ ಓಟಿಪಿಯಿಂದ ಜಾಲಕ್ಕೆ ನಮ್ಮ ಗುರುತು ಸಿಗುತ್ತದೆಯೇ ಹೊರತು ಜಾಲದ ಗುರುತು ನಮಗೆ ಸಿಗುವುದಿಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದ ಕಂಪ್ಯೂಟರುಗಳಾದರೋ ತಮ್ಮ ಮೆಚ್ಚಿನ ಹೆಸರುಗಳನ್ನು ಹೋದಲ್ಲೆಲ್ಲ ಕೂಗಿ ಕರೆಯುತ್ತಿದ್ದುವು. ಆ ಕರೆಗಳಿಗೆಲ್ಲ ‘ನಾನೇ ಅದು’ ಎಂದು ಓಗೊಡುವ ‘ಕರ್ಮ’ ಎಂಬ ತಂತ್ರಾಂಶವನ್ನು ಡೀನೋ ಡೈ ಜೋವಿ, ಶೇನ್ ಮೆಕಾಲೆ ಎಂಬ ಇಬ್ಬರು ಭದ್ರತಾ ಸಂಶೋಧಕರು ರಚಿಸಿ ಈ ದೌರ್ಬಲ್ಯವನ್ನು ಬಯಲಿಗೆಳೆದರು. ಆ ಕೂಗು ಈಚಿನ ವ್ಯವಸ್ಥೆಗಳಲ್ಲಿ ಬಹುಮಟ್ಟಿಗೆ ಅಡಗಿದೆ. ಬ್ಯಾಂಕು, ಇಮೇಲುಗಳ ವ್ಯವಹಾರವು ಗೂಢಲಿಪಿಯಲ್ಲಿ ಸಾಗುವುದರಿಂದ ಅನಾಹುತವೂ ಹಿಂದಿನಷ್ಟಿಲ್ಲ. ಆದರೆ ರಕ್ಷಣೆಗೆಂದು ರೌಟರಿನ ಹೆಸರನ್ನು ಮುಚ್ಚಿಡುವವರ ಕಂಪ್ಯೂಟರು ಮಾತ್ರ ಆ ಮುಚ್ಚಿಟ್ಟ ಹೆಸರನ್ನು ಇಂದಿಗೂ ತಾನೇ ಕೂಗಿ ಹುಡುಕಬೇಕಾಗುತ್ತದೆಯಾದುದರಿಂದ, ಆ ಉಪಾಯವು ಗುಟ್ಟನ್ನು ಊರೆಲ್ಲ ಹೊತ್ತು ತಿರುಗಿಸುವುದರಲ್ಲಿ ಪರ್ಯವಸಾನವಾಗುತ್ತದೆ.

ಈ ಭಾನುವಾರ ಬಿಡುವಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್ ತೆರೆದು, ‘ನೆಟ್‌ವರ್ಕ್ ಆಂಡ್ ಇಂಟರ್ನೆಟ್’, ಅಲ್ಲಿಂದ ‘ವೈ-ಫೈ’, ಅಲ್ಲಿಂದ ‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ಎಂಬಲ್ಲಿಗೆ ಹೋಗಿರಿ. ವಸತಿಗೃಹ, ಕಾಫಿ ಅಂಗಡಿ, ವಿಮಾನನಿಲ್ದಾಣಗಳ ಹೆಸರುಗಳು ಕಂಡಲ್ಲಿ ನಿರ್ದಾಕ್ಷಿಣ್ಯವಾಗಿ ‘ಫರ್ಗೆಟ್’ ಒತ್ತಿರಿ. ಮತ್ತೆ ಬೇಕಾಗುವ ಉಚಿತ ಜಾಲವಿದ್ದರೆ, ತಾನಾಗಿ ಸೇರಿಕೊಳ್ಳುವ ಅನುಮತಿಯನ್ನಾದರೂ ತೆಗೆದುಹಾಕಿರಿ. ಅದಕ್ಕೆ ಮೊದಲು ಮನೆಯ ಪಾಸ್‌ವರ್ಡನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ; ಕೈತಪ್ಪಿ ಅದರ ಮೇಲೂ ‘ಫರ್ಗೆಟ್’ ಬಿದ್ದರೆ ಕಂಪ್ಯೂಟರು ಅದನ್ನು ಮತ್ತೆ ನಿಮ್ಮನ್ನೇ ಕೇಳುತ್ತದೆ.