ನದಿಗೆ ಇಳಿಯುವ ದಾರಿ

‘ತೀರ್ಥ’ವೆಂದರೆ ಪುಣ್ಯಜಲ, ಪುಣ್ಯಕ್ಷೇತ್ರ ಎಂದು ಇಂದು ನಾವು ತಿಳಿಯುತ್ತೇವೆ. ಆದರೆ ‘ದಾಟು’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಈ ಶಬ್ದಕ್ಕೆ ನೀರಿಗೆ ಇಳಿಯುವ ಎಡೆ, ಹೊಳೆಯನ್ನು ಹಾಯುವ ದಾರಿ ಎಂಬುದು ಹಳೆಯ ಅರ್ಥ. ಇಳಿಯಲು ದಾರಿಯಿದ್ದಾಗಲೇ ನೀರು ತೀರ್ಥ. ನದಿಯನ್ನು ತಾಯಿಯೆಂದು ಪೂಜಿಸುವ ನಾವು ಈ ಮೊದಲ ಅರ್ಥವನ್ನು ಮರೆತಂತೆ ತೋರುತ್ತದೆ.

ತಿರುಮಕೂಡಲು ನರಸೀಪುರವನ್ನೇ ನೋಡೋಣ. ಮೈಸೂರಿನಿಂದ ಸುಮಾರು 30 ಕಿಲೋಮೀಟರ್ ದೂರದ ಈ ಊರಿನಲ್ಲಿ ಕೊಡಗಿನ ಕಾವೇರಿಯೂ ವಯನಾಡಿನ ಕಪಿಲೆಯೂ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಜನ ಇದನ್ನು ತ್ರಿವೇಣಿಯೆನ್ನುತ್ತಾರೆ. ಗುಂಜಾ ನರಸಿಂಹ, ಅಗಸ್ತ್ಯೇಶ್ವರ ದೇವಾಲಯಗಳು ಸಂಗಮಕ್ಕೆ ಸಾಕ್ಷಿಯಾಗಿ ನಿಂತಿವೆ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳವಾಗುವ ವಾಡಿಕೆ. 2022ರಲ್ಲಿ ತಪ್ಪಿದ ಮೇಳ 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು.

ಮೇಳವೆಂದರೆ ದಂಡೆಯಲ್ಲಿ ಒಂದು ಊರೇ ಏಳುತ್ತದೆ: ಬಿಡಾರಗಳು, ದೀಪಗಳು, ಶೌಚಾಲಯಗಳು, ಹೆಂಗಸರು ಬಟ್ಟೆ ಬದಲಿಸಲು ಮರೆ, ನೀರಿನಲ್ಲಿ ಕಾವಲಿನ ದೋಣಿಗಳು. ಮೇಳ ಮುಗಿದೊಡನೆ ಆ ಊರು ಕರಗುತ್ತದೆ. ನದಿಯೇನೋ ದಿನವೂ ಹರಿಯುತ್ತದೆ. ಅಸ್ಥಿ ವಿಸರ್ಜಿಸಲು, ಹರಕೆ ತೀರಿಸಲು, ಸುಮ್ಮನೆ ನೀರು ನೋಡಲು ಜನ ದಿನವೂ ಬರುತ್ತಾರೆ. ಮೂರು ದಿನಕ್ಕೆ ಸಾಧ್ಯವಾದುದು ಉಳಿದ ದಿನಗಳಿಗೆ ಕಿರಿದಾಗಿಯಾದರೂ ಸಾಧ್ಯವಾಗಬೇಡವೆ?

ಇದು ಬರಿಯ ಸೌಕರ್ಯದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಎರಡು ಸೆಳವು ಕೂಡುವಲ್ಲಿ ಸುಳಿಯುಂಟು, ಮಡುವುಂಟು. ಕಾವೇರಿಗೆ ಕನ್ನಂಬಾಡಿಯಲ್ಲಿ, ಕಪಿಲೆಗೆ ಬೀಚನಹಳ್ಳಿಯಲ್ಲಿ ಅಣೆಕಟ್ಟುಗಳಿವೆ. ಅಲ್ಲಿ ತೂಬು ತೆರೆದರೆ ಇಲ್ಲಿ ಹನಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ನಾನು ಮಾತನಾಡುವುದು ಶಾಸನದ ವಿಷಯವಾದರೂ ನನ್ನ ಕಣ್ಣು ನೀರಿನ ಅಂಚಿನಲ್ಲಿ ನಿಂತ ಹುಡುಗರ ಮೇಲೆಯೇ ಇರುತ್ತದೆ.

ಬೇಕಾದುದು ಹೆಚ್ಚಿನದಲ್ಲ. ಬೇಸಗೆಯ ನೀರಿಗೂ ಮುಟ್ಟುವ ಅಗಲವಾದ ಸೋಪಾನ, ಹಿಡಿದುಕೊಳ್ಳಲು ಸರಪಳಿ, ಆಳವನ್ನು ತೋರುವ ಕಂಬ, ನೀರು ಬಿಡುವ ಮುನ್ನ ಕೂಗುವ ಗಂಟೆ, ಮುದುಕರಿಗೂ ಕಾಲಿಲ್ಲದವರಿಗೂ ಇಳಿಜಾರಿನ ಹಾದಿ, ಸ್ನಾನದ ಘಟ್ಟದಿಂದ ದೂರದಲ್ಲಿ ಹರಿಗೋಲು ಕಟ್ಟುವ ಕಟ್ಟೆ. ಪ್ರವಾಹ ಮುಟ್ಟದ ಎತ್ತರದಲ್ಲಿ ರಾತ್ರಿ ತಂಗಲು ಕೆಲವು ಡೇರೆಗಳು, ಹೊಳೆಗೆ ಹೊಲಸು ಬಿಡದ ಶೌಚಾಲಯಗಳು, ಬಡ ವಿದ್ಯಾರ್ಥಿಗೂ ನಿಲುಕುವ ಬಾಡಿಗೆ. ದಂಡೆಯನ್ನೆಲ್ಲ ಕಾಂಕ್ರೀಟಿನಲ್ಲಿ ಮುಚ್ಚುವುದು ಮಾತ್ರ ಬೇಡ. ಮರಳೂ ಜೊಂಡೂ ನದಿಯ ಅಂಗಗಳೇ.

ಜನ ಹೆಚ್ಚಿದರೆ ಹೊಳೆ ಕೆಡುವುದೆಂದು ಕೆಲವರು ಆಕ್ಷೇಪಿಸಬಹುದು. ಅಂಜಿಕೆ ನಿರಾಧಾರವಲ್ಲ. ಬಿಟ್ಟ ಬಟ್ಟೆ, ಒಡೆದ ಮಡಕೆಗಳನ್ನು ಘಟ್ಟಗಳಲ್ಲಿ ಕಾಣದವರಾರು? ಆದರೆ ಕಸಕ್ಕೆ ಎಡೆ ಮಾಡದೆ ಜನರನ್ನು ಹಳಿದು ಫಲವೇನು? ದಾರಿ ಮುಚ್ಚಿದರೆ ಬರುವವರು ನಿಲ್ಲುವುದಿಲ್ಲ, ಅಪಾಯದ ಕಡೆಯಲ್ಲಿ ಇಳಿಯುತ್ತಾರೆ. ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿದೆ. ಸಾರ್ವಜನಿಕರು ಬಿಟ್ಟ ದಂಡೆಯನ್ನು ಹಣವುಳ್ಳವರು ಬೇಲಿ ಹಾಕಿಕೊಳ್ಳುತ್ತಾರೆ; ಆಗ ನದಿಯ ದರ್ಶನಕ್ಕೂ ಬೆಲೆ ಕೊಡಬೇಕಾಗುತ್ತದೆ.

ನಮ್ಮ ಹಿಂದಿನವರು ಹೊಳೆಯ ಬಳಿ ಮಂಟಪ ಕಟ್ಟಿದರು, ದಾರಿಯಲ್ಲಿ ಛತ್ರ ನಡೆಸಿದರು, ಬಿಸಿಲಿನಲ್ಲಿ ಅರವಟ್ಟಿಗೆ ಇಟ್ಟರು. ಅಪರಿಚಿತನಿಗೆ ಒಂದು ರಾತ್ರಿ ನೆಲೆ ಕೊಡುವುದನ್ನು ಅವರು ಧರ್ಮವೆಂದರು. ನಾವು ಅದನ್ನು ನಾಗರಿಕ ಕರ್ತವ್ಯವೆನ್ನೋಣ. ಒಂದು ರಾತ್ರಿ ನದಿಯ ಸದ್ದು ಕೇಳುತ್ತ ಮಲಗಿದ ಹುಡುಗ ನಾಳೆ ಆ ನದಿಗೆ ವಿಷ ಬೆರೆತರೆ ಸುಮ್ಮನಿರಲಾರ.