ಪ್ಲಾಸ್ಟಿಕ್ ತ್ಯಾಜ್ಯದ ಲೆಕ್ಕ: ಚಾರ್ಟಿನ ಅಂಕಿ ಎಲ್ಲಿಂದ ಬಂತು?

ಪ್ಲಾಸ್ಟಿಕ್ ಕುರಿತ ಪಾಠಕ್ಕೆ ಪ್ರಶಿಕ್ಷಣಾರ್ಥಿಗಳು ತಯಾರಿಸುವ ಚಾರ್ಟುಗಳಲ್ಲಿ ಸಾಮಾನ್ಯವಾಗಿ ಎರಡು ಅಂಶಗಳಿರುತ್ತವೆ. ಒಂದು, ದೇಶದಲ್ಲಿ ವರ್ಷಕ್ಕೆ ಇಷ್ಟು ಲಕ್ಷ ಟನ್ ಪ್ಲಾಸ್ಟಿಕ್ ತ್ಯಾಜ್ಯ ಎಂಬ ಅಂಕಿ. ಇನ್ನೊಂದು, ಮೂರು ಬಾಣಗಳ ತ್ರಿಕೋನ. ಎರಡನ್ನೂ ವಿದ್ಯಾರ್ಥಿಗಳು ಹಾಗೆಯೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ನಿಜವಾದ ಪಾಠ ಇರುವುದು ಆ ಎರಡನ್ನು ಬಿಡಿಸಿ ನೋಡುವುದರಲ್ಲಿ.

ಮೊದಲು ಅಂಕಿಯನ್ನು ನೋಡೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 60 ದೊಡ್ಡ ನಗರಗಳ ಕಸವನ್ನು ಅಧ್ಯಯನ ಮಾಡಿಸಿ, ಅದರಲ್ಲಿ ಪ್ಲಾಸ್ಟಿಕ್‌ನ ಪಾಲು ಸರಾಸರಿ ಶೇ. 7ರ ಆಸುಪಾಸು ಎಂದು ಕಂಡುಕೊಂಡಿತು. ಅದನ್ನು ಇಡೀ ದೇಶಕ್ಕೆ ವಿಸ್ತರಿಸಿದಾಗ ದಿನಕ್ಕೆ 25,940 ಟನ್ ಎಂಬ ಅಂದಾಜು ಬಂತು. 365ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 95 ಲಕ್ಷ ಟನ್. ಇದೇ ಮಂಡಳಿಯ 2020-21ರ ವಾರ್ಷಿಕ ವರದಿಯಲ್ಲಿರುವುದು 41.26 ಲಕ್ಷ ಟನ್, ಅಂದರೆ ಅರ್ಧಕ್ಕಿಂತ ಕಡಿಮೆ. ನಡುವಿನ ವರ್ಷಗಳಲ್ಲಿ ನಾವು ಪ್ಲಾಸ್ಟಿಕ್ ಬಿಟ್ಟೆವೇ? ಇಲ್ಲ, ಲೆಕ್ಕ ಹಾಕುವ ಕ್ರಮ ಬೇರೆಯಾಯಿತು. ಮೊದಲಿನದು ಮಾದರಿಯಿಂದ ಮಾಡಿದ ಅಂದಾಜು. ಎರಡನೆಯದು ಸ್ಥಳೀಯ ಸಂಸ್ಥೆಗಳು ರಾಜ್ಯ ಮಂಡಳಿಗೆ, ರಾಜ್ಯ ಮಂಡಳಿಗಳು ಕೇಂದ್ರಕ್ಕೆ ಕಳಿಸಿದ ಲೆಕ್ಕಗಳ ಮೊತ್ತ. ಕಸದ ಗಾಡಿ ಹೋಗದ ಹಳ್ಳಿಯದು, ಹಿತ್ತಲಲ್ಲಿ ಸುಟ್ಟದ್ದು, ಚಿಂದಿ ಆಯುವವರ ಚೀಲದಿಂದ ನೇರ ಗುಜರಿ ಅಂಗಡಿಗೆ ಹೋದದ್ದು, ಇವೆಲ್ಲ ಇಂಥ ಮೊತ್ತದಿಂದ ಸುಲಭವಾಗಿ ಜಾರಿಹೋಗುತ್ತವೆ.

2024ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಮೂರನೆಯ ಅಂಕಿ ಕೊಟ್ಟರು. ಭಾರತದಲ್ಲಿ ವರ್ಷಕ್ಕೆ ಸುಮಾರು 93 ಲಕ್ಷ ಟನ್ ಪ್ಲಾಸ್ಟಿಕ್ ಯಾವ ನಿರ್ವಹಣೆಗೂ ಸಿಗದೆ ಪರಿಸರ ಸೇರುತ್ತದೆ, ಅದರಲ್ಲಿ ಸುಮಾರು 58 ಲಕ್ಷ ಟನ್ ಬಯಲಲ್ಲಿ ಸುಟ್ಟುಹೋಗುತ್ತದೆ ಎಂದು. ಇದೂ ಗಣಿತೀಯ ಮಾದರಿಯ ಅಂದಾಜೇ, ತೂಕದ ಯಂತ್ರದ ಓದು ಅಲ್ಲ. ಆದರೂ 41 ಮತ್ತು 93ನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಉಂಟಾದದ್ದಕ್ಕಿಂತ ಸೋರಿದ್ದು ಎರಡು ಪಟ್ಟಿಗೂ ಹೆಚ್ಚು ಆಗುವುದು ಹೇಗೆ ಎಂಬ ಪ್ರಶ್ನೆಯನ್ನು ಎಂಟನೇ ತರಗತಿಯ ಹುಡುಗರೇ ಎತ್ತುತ್ತಾರೆ. ಉತ್ತರ ಹೇಳಲು ಅವಸರಪಡಬೇಡಿ.

ಮರುಬಳಕೆಯ ಅಂಕಿಯಲ್ಲೂ ಇದೇ ತೊಡಕು. ನಮ್ಮಲ್ಲಿ ಸುಮಾರು ಶೇ. 60 ಮರುಬಳಕೆಯಾಗುತ್ತದೆ ಎಂದು ಹೇಳಲಾಗುತ್ತದೆ. 2017ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ 2015ರವರೆಗೆ ಉಂಟಾದ ಒಟ್ಟು ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಕೇವಲ ಶೇ. 9. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಯಾವುದರಲ್ಲಿ ಶೇಕಡಾ, ಅಂದರೆ ಛೇದ ಯಾವುದು ಎಂದು ಕೇಳುವುದನ್ನು ಗಣಿತದ ಅವಧಿಯಲ್ಲಿ ಕಲಿಸುತ್ತೇವೆ. ಪರಿಸರದ ಅವಧಿಗೆ ಬರುವಷ್ಟರಲ್ಲಿ ಮರೆಯುತ್ತೇವೆ. ಗುಜರಿಗೆ ಹೋದ ಪ್ಲಾಸ್ಟಿಕ್ ಎಲ್ಲವೂ ಹೊಸ ವಸ್ತುವಾಗುವುದಿಲ್ಲ. ವಿಂಗಡಿಸಿ ತೊಳೆಯುವಾಗಲೇ ಒಂದಷ್ಟು ಕಳೆಯುತ್ತದೆ.

ತ್ರಿಕೋನದ ಚಿತ್ರ ಇನ್ನೂ ದಾರಿ ತಪ್ಪಿಸುತ್ತದೆ. ಪ್ಲಾಸ್ಟಿಕ್ ವಸ್ತುಗಳ ಮೇಲಿನ ತ್ರಿಕೋನದೊಳಗಿನ 1ರಿಂದ 7ರ ಸಂಖ್ಯೆ ಪ್ಲಾಸ್ಟಿಕ್ ಯಾವ ಬಗೆಯದು ಎಂದು ತಿಳಿಸುತ್ತದೆ, ಅಷ್ಟೇ. ಮರುಬಳಕೆಯಾಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ನೀರಿನ ಪೆಟ್ ಬಾಟಲಿ ಬಹುಮಟ್ಟಿಗೆ ಪಾಲಿಯೆಸ್ಟರ್ ನೂಲಾಗುತ್ತದೆ, ಆ ನೂಲಿನ ಬಟ್ಟೆ ಮತ್ತೆ ಬಾಟಲಿಯಾಗುವುದು ಅಪರೂಪ. ಹಳೆಯ ಸೀರೆ ಕೌದಿಯಾಗಬಹುದು, ಕೌದಿ ಮತ್ತೆ ಸೀರೆಯಾಗದು. ಪ್ರತಿಸಲ ಕರಗಿಸಿದಾಗಲೂ ಪಾಲಿಮರ್ ಸರಪಳಿಗಳು ತುಂಡಾಗಿ ವಸ್ತುವಿನ ಬಲ ಕುಗ್ಗುತ್ತದೆ. ಚಿಪ್ಸ್ ಪೊಟ್ಟಣದಂಥವುಗಳಲ್ಲಿ ಪ್ಲಾಸ್ಟಿಕ್ ಪದರಗಳ ಜೊತೆ ತೆಳುವಾದ ಅಲ್ಯೂಮಿನಿಯಂ ಅಂಟಿಕೊಂಡಿರುತ್ತದೆ. ಬೇರ್ಪಡಿಸುವ ಖರ್ಚು ಹುಟ್ಟದ ಕಾರಣ ಗುಜರಿಯವರು ಅದನ್ನು ಮುಟ್ಟುವುದಿಲ್ಲ.

ಪಾಠಯೋಜನೆಗೆ ಒಂದು ಚಟುವಟಿಕೆ. ಪ್ರತಿ ವಿದ್ಯಾರ್ಥಿಯೂ ಒಂದು ವಾರ ಮನೆಯ ಪ್ಲಾಸ್ಟಿಕ್ ಕೂಡಿಟ್ಟು, ತೊಳೆದು, ಒಣಗಿಸಿ ತರಲಿ. ಗುಜರಿಯವರು ಕೊಳ್ಳುವುದು, ಕೊಳ್ಳದಿರುವುದು ಎಂದು ಎರಡು ರಾಶಿ ಮಾಡಿ ತೂಗಲಿ. ಮನೆಯವರ ಸಂಖ್ಯೆಯಿಂದ ಭಾಗಿಸಿ, ಊರಿನ ಜನಸಂಖ್ಯೆಗೆ ಗುಣಿಸಲಿ. 60 ನಗರಗಳಿಂದ ದೇಶದ ಅಂದಾಜು ಮಾಡಿದ್ದೂ ಹೆಚ್ಚುಕಡಿಮೆ ಹೀಗೆಯೇ. ಯಾರ ಮನೆಯಲ್ಲಿ ಒಲೆ ಹಚ್ಚಲು ಕವರ್ ಬಳಸಿದರು, ಯಾರ ಮನೆಯದು ಚರಂಡಿಗೆ ಹೋಯಿತು ಎಂಬುದು ಆಗ ತಾನಾಗಿ ಮಾತಿಗೆ ಬರುತ್ತದೆ. ಗುಜರಿ ಕೆಲಸದ ಮನೆಯ ಮಕ್ಕಳಿದ್ದರೆ ವಿಂಗಡಣೆಯಲ್ಲಿ ಅವರಿಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ. ಹೆಸರು ಹಿಡಿದು ಎಬ್ಬಿಸದೆ, ಅವರಾಗಿ ಮುಂದೆ ಬಂದರೆ ಆ ಭಾಗವನ್ನು ಅವರಿಗೇ ಬಿಟ್ಟುಕೊಡಿ.